ಕೆರದ ಸಪ್ಪಳ

ಕುದುರೆ ನಿಂತುಬಿಟ್ಟಿತು. ಊರ ಅಗಸಿಬಾಗಿಲು ದಾಟಿ ಹತ್ತು ಹೆಜ್ಜೆಯೂ ಆಗಿರಲಿಲ್ಲ. ಮುಂಗಾಲೆರಡನ್ನೂ ನೆಲಕ್ಕೆ ನೆಟ್ಟು, ಕುತ್ತಿಗೆ ಚಾಚಿ, ಹಿಂಭಾಗವನ್ನು ಕುಗ್ಗಿಸಿ, ಇಡೀ ಮೈಯನ್ನೇ ಒಂದು ಗೂಟ ಮಾಡಿಕೊಂಡು ನಿಂತಿತು. ಅಮರೇಶನ ಬಾಯಿಗೆ ಮೊದಲು ಬಂದದ್ದು ಬೈಗುಳ, ಅದನ್ನು ನುಂಗಿಕೊಂಡ. ಮೂರು ತಿಂಗಳು ರಾಯಚೂರಿನ ಅಂದ್ರೂನ್ ಕಿಲ್ಲಾದ ಸಂದಿಗಳಲ್ಲಿ, ಆಟೋಗಳ ಹಾರ್ನಿನ ನಡುವೆ, ಮಾವಿನಕೆರೆಯ ದಂಡೆಯ ಮೇಲೆ ನಾಯಿಗಳ ಹಿಂಡು ಬೊಗಳುತ್ತಿದ್ದಾಗಲೂ, ಹಗ್ಗ ನೆಲ ಮುಟ್ಟುವಷ್ಟು ಸಡಿಲಾಗಿದ್ದರೂ ಅವನ ಬೆನ್ನ ಹಿಂದೆಯೇ ಬಂದ ಮರಿ ಇದು. ಇನ್ನೂ ಎರಡು ವರ್ಷ ತುಂಬದ, ಕಂದು ಮೈಯ, ಮೊಣಕಾಲಿನ ಮೇಲೆ ಕೂದಲು ಮರಳಿ ಬೆಳೆಯದ ಎರಡು ಬೋಳು ಕಲೆಗಳಿದ್ದ ಗಂಡುಮರಿ. ಬೇರೆಲ್ಲೂ ಅಲ್ಲ, ಇಲ್ಲಿ, ಕುರ್ಡಿ ದಾಟಿದ ಮೇಲೆ ಬರುವ ಅವನ ಹುಟ್ಟಿದೂರಿನ ದೊಡ್ಡ ಓಣಿಯಲ್ಲಿ, ಗೌಡರ ಕಟ್ಟೆ ಕಣ್ಣಿಗೆ ಬೀಳುವ ಅಂತರದಲ್ಲಿ, ಅವನ ಗುರುತೇ ಇಲ್ಲದಂತೆ ನೋಡುತ್ತಾ ನಿಂತಿದೆ. ಗೌಡರ ಮನೆಯ ಮುಂದೆ ಟ್ರ್ಯಾಕ್ಟರಿತ್ತು. ಟ್ರೇಲರ್ ಬಿಚ್ಚಿದ್ದರು. ಮರಿಯ ಮೊಣಕಾಲಿನ ಕಲೆಗಳು ಆ ಟ್ರ್ಯಾಕ್ಟರಿನವೇ. ಬೇಸಿಗೆಯಲ್ಲಿ ಗೌಡನ ಮಗ ಸಣ್ಣಗೌಡ ದೇವದುರ್ಗದ ಕಡೆಯಿಂದ ಶೋಕಿಗೆಂದು ಮರಿಯನ್ನು ತರಿಸಿ, ಅದು ಹಗ್ಗಕ್ಕೆ ಬಗ್ಗದಿದ್ದಾಗ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆಸಿದ್ದ. ಮರಿ ಕುಳಿತುಬಿಟ್ಟಿತ್ತು. ಟ್ರ್ಯಾಕ್ಟರು ನಿಂತಿರಲಿಲ್ಲ. ಆಮೇಲೆ ಸಣ್ಣಗೌಡ ಅದನ್ನು ಪಳಗಿಸಿ ತರಲು ಅಮರೇಶನ ಕೈಗೆ ಕೊಟ್ಟು ರಾಯಚೂರಿಗೆ ಅಟ್ಟಿದ್ದ.

“ಏನಲೇ ಅಮರ್ಯಾ, ರಾಯಚೂರಾಗ ಕುದುರಿಗಿ ಇಂಗ್ಲಿಷ್ ಕಲಿಸಿಯೇನು? ನಮ್ಮ ಓಣಿ ಭಾಷೆ ತಿಳಿವಲ್ದು ಅದಕ್ಕ!” ಕಟ್ಟೆಯ ಮೇಲಿಂದ ಯಾರೋ ಕೂಗಿದರು. “ಟಿಕೀಟ್ ತಗಸಿಲ್ಲೇನೋ, ಕಂಡಕ್ಟರ್ ಇಳಿಸ್ಯಾನ,” ಎಂದ ಇನ್ನೊಬ್ಬ. ನಗೆ ಓಣಿಯ ಎರಡೂ ಕಡೆಯಿಂದ ಬಂತು. ಸಣ್ಣಗೌಡ ಮೊಬೈಲನ್ನು ಅಡ್ಡಡ್ಡ ಹಿಡಿದು ಮೆಟ್ಟಿಲಿಳಿದ. ಬಿಳಿ ಅಂಗಿ, ಬಾಯಲ್ಲಿ ಗುಟ್ಕಾ. “ನಿಂದ್ರಲಿ, ನಿಂದ್ರಲಿ. ವಿಡಿಯೋ ಹಿಡಿಯಾಕತ್ತೀನಿ. ಊಟದ ಹೊತ್ತಿನ ತನಕ ನೋಡ್ತೀನಿ ಅಮರ್ಯಾ. ಅಗಸಿಯಿಂದ ನಮ್ಮ ಮನಿ ತನಕ ತಾನಾಗಿ ನಡದು ಬಂತು, ಶಾಬಾಸ್. ಬರಲಿಲ್ಲ, ಟ್ರ್ಯಾಕ್ಟರ್ ಅದ. ಈ ಸರ್ತಿ ಮೂರನೇ ಗೇರ್.”

ತಾನಾಗಿ. ಆ ಮಾತು ರಾಯಚೂರಿನ ಅಕ್ಬರಿ ಬೇಗಂಳದ್ದು. ಅವಳ ಗಂಡನ ಕಾಲದಲ್ಲಿ ಜಟಕಾಗಳಿದ್ದ ಲಾಯದಲ್ಲಿ ಈಗ ಮದುವೆ ಮೆರವಣಿಗೆಯ ಎರಡು ಬಿಳಿ ಕುದುರೆಗಳಿವೆ. ಉಳಿದ ಜಾಗದಲ್ಲಿ ಅವಳು ಬೇರೆಯವರ ಕುದುರೆಗಳನ್ನು ತಿದ್ದಿ ಕೊಡುತ್ತಾಳೆ. ಹಾಸಿಗೆಯಂಥ ಹಳೆಯ ಕುರ್ಚಿಯಲ್ಲಿ ಕುಳಿತು, ಮೊದಲ ವಾರವೆಲ್ಲ ಅಮರೇಶನನ್ನು ಬೈದದ್ದೇ ಬೈದದ್ದು. “ಖೀಂಚಬ್ಯಾಡ ಬೇಟಾ! ಅದೇನು ಹತ್ತಿ ಅಂಡಿಗಿ ಅಂತ ಮಾಡಿಯೇನು? ನೀ ಎಳದ್ರ ಅದೂ ಎಳೀತದ. ನಿನ್ನಕಿಂತ ಅದಕ್ಕ ಜೋರ್ ಜಾಸ್ತಿ ಅದ, ಗೊತ್ತಾಗೂದು ಬ್ಯಾಡ ಅಷ್ಟ. ಹಗಲು ಹೊತ್ತು ಎಳಿ, ರಾತ್ರಿ ಎಳಿ, ಹೆಣ ಬರ್ತದ, ಕುದುರಿ ಬರಂಗಿಲ್ಲ. ಒಂದು ಹೆಜ್ಜಿ ಹಾಕ್ತಂದ್ರ ಹಗ್ಗ ಬಿಟ್ಟಬಿಡು. ಬಿಡೂದ ಅದಕ್ಕ ಶಾಬಾಸ್ಕಿ.” ಅವನ ಕೈಗಳಿಗೆ ಬಿಡುವುದು ಗೊತ್ತಿರಲಿಲ್ಲ. ಹತ್ತು ವರ್ಷ ಹತ್ತಿ ಮಾರ್ಕೆಟ್ಟಿನಲ್ಲಿ ಅಂಡಿಗೆ ಎಳೆದ ಕೈಗಳು. ಹದಿನೇಳನೆಯ ದಿನ, ಮಾವಿನಕೆರೆಯ ದಂಡೆಯ ಮೇಲೆ, ಎಳೆದೂ ಎಳೆದೂ ಸಾಕಾಗಿ, ಹಾಳಾಗಿ ಹೋಗು ಎಂದುಕೊಂಡು ಹಗ್ಗವನ್ನು ಹೆಗಲ ಮೇಲೆಸೆದು ಬೆನ್ನು ತಿರುಗಿಸಿ ನಡೆದಾಗ, ಹಿಂದೆ ಗೊರಸಿನ ಸದ್ದು ಕೇಳಿತ್ತು. ತಿರುಗಿ ನೋಡಲು ಧೈರ್ಯವಾಗಿರಲಿಲ್ಲ. ಕಣ್ಣು ತುಂಬಿತ್ತು. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಒಂದು ಜೀವ ಅವನನ್ನು ನೋಡಿ, ಅವನನ್ನು ನಂಬಿ, ಅವನ ಹಿಂದೆ ಬರುತ್ತಿತ್ತು. ಹಾಗೆಂದು ಅವನು ತಿಳಿದ. ಅವತ್ತಿನಿಂದ ಅವನ ನಡಿಗೆಯೇ ಬದಲಾಗಿತ್ತೆಂದು ಅವ್ವ ಯಮನಮ್ಮ ಕೂಡ ಹೇಳಿದ್ದಳು.

ಈಗ ಕಲಿಸಿದ್ದನ್ನೆಲ್ಲ ಒಂದೊಂದಾಗಿ ಮಾಡಿದ. ಹಗ್ಗ ಸಡಿಲ ಬಿಟ್ಟ. ಮಗ್ಗುಲಿಗೆ ಹೋಗಿ ಭುಜಕ್ಕೆ ಬೆರಳು ತಾಗಿಸಿದ. ಬೆನ್ನು ತಿರುಗಿಸಿ ನಡೆದ; ಹಗ್ಗ ಬಿಗಿಯಾಗಿ ಅವನನ್ನೇ ಹಿಂದಕ್ಕೆ ಜಗ್ಗಿತು. ಕಟ್ಟೆಯವರಿಗೆ ಅದು ಬಹಳ ಹಿಡಿಸಿತು. “ಕುದುರಿ ಅವನ್ನ ಕಲಿಸಾಕತ್ತೈತಲೇ!” ನೆತ್ತಿಯೊಳಗೆ ಏನೋ ಸಿಡಿದು, ಅಮರೇಶ ಎರಡೂ ಕೈಯಲ್ಲಿ ಹಗ್ಗ ಸುತ್ತಿಕೊಂಡು ಮೈಯ ಭಾರವನ್ನೆಲ್ಲ ಹಾಕಿ ಎಳೆದ. ಮುಖದ ಹಗ್ಗ ಮೂಗಿನ ಎಲುಬಿನ ಮೇಲೆ ಕೊರೆಯಿತು. ಮರಿಯ ಕಣ್ಣಿನ ಬಿಳಿ ಕಂಡಿತು. “ಹಾಂ! ಹಂಗ! ಹಂಗ ಎಳಿಬೇಕು!” ಓಣಿ ಅವನನ್ನು ಮೆಚ್ಚಿತು. ಹುಟ್ಟಿದಾಗಿನಿಂದ ಈ ಓಣಿ ಅವನನ್ನು ಮೆಚ್ಚಿದ್ದು ಇದೊಂದೇ ಸಲ, ಅದೂ ಇದಕ್ಕೆ. ಆ ಮೆಚ್ಚುಗೆ ಬೆನ್ನಿಗೆ ಬೆಚ್ಚಗೆ ತಾಗಿದ್ದು ನಿಜ, ಒಂದು ಗಳಿಗೆ ಹಿತವೆನಿಸಿದ್ದೂ ನಿಜ. ಕೈ ಸಡಿಲಿಸಿದ. ಮರಿಯ ಮೂಗಿನ ಮೇಲೆ ಗೆರೆ ಎದ್ದಿತ್ತು. ಅದರ ಹತ್ತಿರ ಹೋಗಲು ಒಂದು ಹೆಜ್ಜೆ ಇಟ್ಟಾಗ ಅಂಗಾಲಿಗೆ ಜಾಲಿಮುಳ್ಳು ನೆಟ್ಟಿತು.

ಅಂಗಾಲಿಗೆ. ಅವನು ಕೆಳಗೆ ನೋಡಿಕೊಂಡ. ಬರಿಗಾಲು. ಧೂಳು ಮೆತ್ತಿದ ಹತ್ತು ಬೆರಳು. ಎಡಗಂಕುಳಲ್ಲಿ ಏನೋ ಒತ್ತುತ್ತಿತ್ತು, ಆಗಿನಿಂದಲೂ ಒತ್ತುತ್ತಿತ್ತು, ಮುಟ್ಟಿ ನೋಡಿದ. ಕೆರ. ಅಪ್ಪ ಹೊಲಿದ, ಹಿಮ್ಮಡಿಗೆ ಮೊಳೆ ಹೊಡೆದ ತೊಗಲಿನ ಕೆರ. ಯಾವಾಗ ಬಿಚ್ಚಿದೆ? ಟಾಟಾ ಏಸಿನಿಂದ ಮರಿಯನ್ನು ಇಳಿಸುವಾಗ ಕಾಲಲ್ಲಿದ್ದವು. ಹಲಗೆಯ ಮೇಲೆ ಮೊಳೆ ಜಾರಿದ್ದು ನೆನಪಿದೆ. ಅಗಸಿಯ ಹೊರಗೆ ಇದ್ದವು. ಒಳಗೆ ಇಲ್ಲ. ಯಾರಾದರೂ ಬಿಚ್ಚು ಎಂದರೇ? ಯಾರೂ ಅನ್ನಲಿಲ್ಲ. ಯಾರೂ ಗದರಲಿಲ್ಲ, ಕಣ್ಣು ಕೂಡ ಕೆಂಪು ಮಾಡಲಿಲ್ಲ. ಕಾಲು ತಾನೇ ಬಿಚ್ಚಿತ್ತು, ಕೈ ತಾನೇ ಎತ್ತಿತ್ತು, ಕಂಕುಳು ತಾನೇ ತೆರೆದು ಇಸಿದುಕೊಂಡಿತ್ತು. ಆ ಹೊತ್ತಿಗೆ ಅವನು ಮಾತ್ರ ಬೇರೆಲ್ಲೋ ಇದ್ದ. ಬಹುಶಃ ಮರಿ ಎಷ್ಟು ಚಂದ ನಡೆಯುತ್ತದೆ ನೋಡಿ ಇವರೆಲ್ಲ ಬೆರಗಾಗುವುದನ್ನು ಕಲ್ಪಿಸಿಕೊಳ್ಳುತ್ತಿದ್ದ.

ಅಪ್ಪನೂ ಹೀಗೇ ಎಡಗಂಕುಳಲ್ಲೇ ಇಟ್ಟುಕೊಳ್ಳುತ್ತಿದ್ದ. ಚಿಕ್ಕವನಿದ್ದಾಗ ಅಮರೇಶ ಅದಕ್ಕೆ ತನ್ನದೇ ಅರ್ಥ ಹಚ್ಚಿಕೊಂಡಿದ್ದ: ತನ್ನ ಕೈಯಾರೆ ಹೊಲಿದ ಕೆರಕ್ಕೆ ಧೂಳು ತಾಗಬಾರದೆಂದು ಅಪ್ಪ ಎತ್ತಿಕೊಂಡು ಹೋಗುತ್ತಾನೆ, ಕೂಸನ್ನು ಎತ್ತಿಕೊಂಡ ಹಾಗೆ. ಅದನ್ನು ಶಾಲೆಯಲ್ಲಿ ಹೆಮ್ಮೆಯಿಂದ ಹೇಳಿಯೂ ಇದ್ದ. ಇಡೀ ತರಗತಿ ನಕ್ಕದ್ದು, ಮಾಸ್ತರ ನಗದೆ ಕಿಟಕಿಯ ಕಡೆ ಮುಖ ತಿರುಗಿಸಿದ್ದು. ಅವತ್ತು ಮನೆಗೆ ಬಂದು ಅಪ್ಪನ ಜೊತೆ ಮಾತು ಬಿಟ್ಟಿದ್ದ. ಯಾಕೆಂದು ಅಪ್ಪ ಕೇಳಲಿಲ್ಲ. ಸಾಯುವ ತನಕ ಅವನನ್ನು ಹೇಡಿ ಎಂದೇ ತಿಳಿದಿದ್ದೆ, ಎಂದುಕೊಂಡ ಅಮರೇಶ. ಅಪ್ಪನಿಗೆ ಕನಿಷ್ಠ ಗೊತ್ತಿತ್ತು, ತಾನು ಬಿಚ್ಚುತ್ತಿದ್ದೇನೆಂದು. ಕಳೆದ ಭಾನುವಾರವಷ್ಟೇ ಮಾನ್ವಿಯ ಬುದ್ಧವಿಹಾರದ ಓದಿನ ಬಳಗದಲ್ಲಿ, ಬಳಗ ನಡೆಸುವ ಅಕ್ಕ ಮೌನೇಶ್ವರಿ ಪುಸ್ತಕ ಮುಚ್ಚಿ ‘ಯಾರಾದ್ರೂ ಮಾತಾಡ್ರಿ’ ಎಂದಾಗ ಅವನೇ ಎದ್ದು ನಿಂತಿದ್ದ. “ನಾ ಊರಿಗೆ ಹೊಂಟೀನಿ. ಗೌಡ್ರ ಓಣ್ಯಾಗ ಕೆರ ಹಾಕ್ಕೊಂಡೇ ನಡೀತೀನಿ. ಯಾವ ಮಗ ಏನಂತಾನ ನೋಡ್ತೀನಿ.” ಚಪ್ಪಾಳೆ ತಟ್ಟಿದ್ದರು. ಹೈಸ್ಕೂಲು ಮಾಸ್ತರಿಕೆ ಮಾಡಿ ಮಾಡಿ ಯಾವ ಉತ್ತರವನ್ನೂ ಸುಮ್ಮನೆ ನಂಬದ ಅಕ್ಕ ಮಾತ್ರ ತಟ್ಟಲಿಲ್ಲ. “ನಡದು ಬಂದ ಮ್ಯಾಲ ಹೇಳಪಾ,” ಎಂದಿದ್ದಳು. ಅವಳ ಮೇಲೆ ಆಗ ಬಂದ ಸಿಟ್ಟು ಈಗಲೂ ಹಾಗೇ ಇತ್ತು, ಆದರೆ ಅದನ್ನು ಎಲ್ಲಿ ಇಡಬೇಕೋ ತಿಳಿಯದಾಯಿತು.

ಮರಿ ಕಿವಿ ಅಲುಗಾಡಿಸುತ್ತಿತ್ತು. ಒಂದು ಕಿವಿ ಮುಂದೆ, ಒಂದು ಹಿಂದೆ. ಏನನ್ನೋ ಹುಡುಕುವ ಕಿವಿ. ಆಗ ತಿಳಿಯಿತು ಅವನಿಗೆ. ಮೂರು ತಿಂಗಳು ಅದು ಹಿಂಬಾಲಿಸಿದ್ದು ಇವುಗಳನ್ನು. ಹಿಮ್ಮಡಿಯ ಮೊಳೆ ಕಲ್ಲಿಗೆ ತಾಗುವ ಚಟ್, ತೊಗಲು ಅಂಗಾಲಿಗೆ ಬಡಿಯುವ ಪಟ್. ಸಪ್ಪಳ ಹೊರಟರೆ ಹೊರಡುವುದು, ನಿಂತರೆ ನಿಲ್ಲುವುದು. ಟ್ರ್ಯಾಕ್ಟರಿನ ಗದ್ದಲಕ್ಕೆ ಬೆದರಿದ ಪ್ರಾಣಿ ಒಂದು ಸಣ್ಣ, ಒಂದೇ ಲಯದ ಸಪ್ಪಳವನ್ನು ನೆಚ್ಚಿಕೊಂಡಿತ್ತು. ಬೆನ್ನು ತಿರುಗಿಸಿ ನಡೆದ ಮನುಷ್ಯ ಯಾರೆಂಬುದು ಅದಕ್ಕೆ ಬೇಕಾಗಿಯೇ ಇರಲಿಲ್ಲ. ಮಾವಿನಕೆರೆಯ ದಂಡೆಯ ಮೇಲೆ ಕಣ್ಣು ತುಂಬಿಕೊಂಡು ನಡೆದವನ ಮುಖ ನೆನಪಾಗಿ ಅಮರೇಶನಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು. ಅಪ್ಪ ಸತ್ತು ಆರು ವರ್ಷ. ಮರಿ ಅಪ್ಪನ ಹಿಂದೆ ನಡೆದಿತ್ತು.

“ಏನಲೇ, ಕಾಲಾಗ ಮುಳ್ಳು ಚುಚ್ಚಿತೇನು?” ಎಂದ ಗೌಡ. ಅವನು ಮೇಲೆದ್ದಿರಲಿಲ್ಲ; ಕಟ್ಟೆಯ ಗಾದಿಯ ಮೇಲೆ ಒರಗಿಯೇ ಇದ್ದ. ದನಿಯಲ್ಲಿ ಮರುಕವೇ ಇತ್ತು. “ಕಂಕುಳಾಗ ಕೆರ ಇಟಗೊಂಡು ಮುಳ್ಳು ತುಳಿಯೋ ಶಾಣ್ಯಾನ್ನ ಈಗ ನೋಡಿದೆ ನೋಡು. ನಾವ್ಯಾರಾದ್ರೂ ಬಿಚ್ಚು ಅಂದೀವೇನಪಾ? ಆ ಕಾಲ ಹೋತು. ನಾಳೆ ಪೇಪರಿನ್ಯಾಗ ನಮ್ಮ ಮ್ಯಾಲ ಹಾಕಸೀಯ ಮತ್ತ.” ಮತ್ತೆ ನಗು. ಓಣಿಯ ಅಂಚಿನಲ್ಲಿ ಹತ್ತಿಕಟ್ಟಿಗೆಯ ಹೊರೆ ಹೊತ್ತು ಕೇರಿಯ ಮಾರೆಮ್ಮ ನಿಂತಿದ್ದಳು, ಬರಿಗಾಲಲ್ಲಿ. ಅವಳು ನಗಲಿಲ್ಲ, ಹೋಗಲೂ ಇಲ್ಲ. ಅವಳ ಸೊಂಟಕ್ಕೆ ಸಿಕ್ಕಿಸಿದ ಸೀರೆಯ ಮಡಿಕೆಯಿಂದ ಸ್ಲಿಪ್ಪರಿನ ನೀಲಿ ಬಾರು ಹೊರಗೆ ಇಣುಕುತ್ತಿತ್ತು.

ಅಮರೇಶ ಬಗ್ಗಿ ಕೆರವನ್ನು ನೆಲಕ್ಕಿಟ್ಟ. ಬಲಗಾಲು ತೂರಿಸಿದ. ಎಡಗಾಲಿನ ಹೆಬ್ಬೆರಳು ಕೆರದ ಉಂಗುಟಕ್ಕೆ ಸಿಗದೆ ಎರಡು ಸಲ ಜಾರಿತು. ಓಣಿಯ ನಗು ಎಲ್ಲಿ ನಿಂತಿತೆಂದು ಅವನಿಗೆ ಸರಿಯಾಗಿ ಗೊತ್ತು: ಎರಡನೆಯದು ಕಾಲಿಗೆ ಕೂತಾಗ. ನಡೆದ. ಚಟ್ ಪಟ್. ಹಗ್ಗ ಕೈಯಲ್ಲಿ ಹಗುರಾಯಿತು. ಹಿಂದೆ ಗೊರಸು. ಮರಿ ತಲೆ ತಗ್ಗಿಸಿ, ಬಾಯಿ ಚಪ್ಪರಿಸುತ್ತಾ, ಏನೂ ಆಗಿಯೇ ಇಲ್ಲವೆಂಬಂತೆ ಬಂತು. ಎಡಕ್ಕೆ ಕಿರಾಣಿ ಅಂಗಡಿ, ಬಲಕ್ಕೆ ಹಾಲಿನ ಡೇರಿ, ಮುಂದೆ ಬೇವಿನ ಕಟ್ಟೆ. ಎಲ್ಲ ಬಾಗಿಲಲ್ಲೂ ಮುಖಗಳು, ಎಲ್ಲ ಮುಖಗಳೂ ಅವನ ಮೊಣಕಾಲಿನ ಕೆಳಗೆ ನೋಡುತ್ತಿದ್ದವು. ಕುದುರೆಯನ್ನು ಯಾರೂ ನೋಡುತ್ತಿರಲಿಲ್ಲ. ಎಪ್ಪತ್ತು ಹೆಜ್ಜೆ ಇರಬಹುದು ಆ ಓಣಿ. ಅಪ್ಪ, ಅಪ್ಪನ ಅಪ್ಪ ಯಾರೂ ಕೆರದಲ್ಲಿ ಅಳೆಯದ ಎಪ್ಪತ್ತು ಹೆಜ್ಜೆ; ಅವನು ಎಣಿಸಲಿಲ್ಲ, ಎಣಿಸಿದರೆ ಬಿದ್ದುಬಿಡುತ್ತೇನೆಂದು ಭಯವಾಗಿತ್ತು.

ಗೌಡರ ಕಟ್ಟೆಯ ಕಂಬಕ್ಕಿದ್ದ ಕಬ್ಬಿಣದ ಬಳೆಗೆ ಹಗ್ಗ ಕಟ್ಟಿದ. “ಬಂತ್ರಿ,” ಎಂದ. ದನಿ ಸಣ್ಣದಾಗಿತ್ತು.

ಕಟ್ಟೆಯ ಮೇಲಿದ್ದವನೊಬ್ಬ ತಡೆಯಲಾರದೆ, “ಗೌಡ್ರ, ಇವನ ಕಾಲು ನೋಡ್ರಿ,” ಎಂದ.

“ನೋಡೀನಪಾ, ನನಗೇನು ಕಣ್ಣಿಲ್ಲೇನು?” ಗೌಡ ಕೈ ಬೀಸಿದ. “ಕುದುರಿ ಸಲುವಾಗಿ ಹಾಕ್ಕೊಂಡಾನ, ಹಾಕ್ಕೊಳ್ಳಲಿ ಬಿಡ್ರಿ. ಮೂಕಪ್ರಾಣಿ ವಿಷಯ ಅದ. ನಾನೇ ಹೇಳೀನಿ ಅಂತ ತಿಳೀರಿ.”

ಅಮರೇಶನ ಎದೆಯಲ್ಲಿ ಆಗಷ್ಟೇ ಎದ್ದು ಕೂರುತ್ತಿದ್ದ ಏನೋ ಒಂದು ಅಲ್ಲೇ ಕುಸಿಯಿತು. ಬೈದಿದ್ದರೆ, ಹೊಡೆಯಲು ಬಂದಿದ್ದರೆ, ಆ ಎಪ್ಪತ್ತು ಹೆಜ್ಜೆ ಅವನವಾಗಿ ಉಳಿಯುತ್ತಿದ್ದವು. ಈ ಮುದುಕ ಗಾದಿಯಿಂದ ಏಳದೆ, ಒಂದು ಮಾತಿನಲ್ಲಿ, ಅವನ್ನು ತನ್ನ ದಾನ ಮಾಡಿಬಿಟ್ಟ. ನಾಳೆ ಊರು ಹೇಳುತ್ತದೆ: ನಮ್ಮ ಗೌಡ್ರು ಎಷ್ಟು ದೊಡ್ಡವರು, ಕುದುರೆ ನೋಯಬಾರದೆಂದು ಅವನಿಗೆ ಕೆರ ಹಾಕಲು ಬಿಟ್ಟರು. ಕುದುರೆ ನೋಯಬಾರದೆಂದು.

ಸಣ್ಣಗೌಡ ಮೊಬೈಲನ್ನು ಪಕ್ಕದವನ ಕೈಗೆ ಕೊಟ್ಟು, ಮತ್ತೆ ಕಟ್ಟೆ ಹತ್ತಿ, ಅಲ್ಲಿಂದಲೇ ಮರಿಯ ಕುತ್ತಿಗೆ ತಟ್ಟಿದ. “ಅಲ್ಲಲೇ, ಇದು ಸಪ್ಪಳದ ಹಿಂದ ಬರ್ತದ ಅಂದ್ರ ನೀ ಹೋದ ಮ್ಯಾಲ ನಮಗೇನು ಉಪಯೋಗ? ಆ ಕೆರ ಇಲ್ಲೇ ಬಿಟ್ಟು ಹೋಗು. ನಮ್ಮ ಆಳು ಹಾಕ್ಕೊಂಡು ತಿರುಗಸ್ತಾನ.”

“ಇಲ್ರಿ.”

“ಏನಂದಿ?”

“ಕೊಡಂಗಿಲ್ರಿ. ಕುದುರಿ ನಿಮ್ಮದು. ಕೆರ ನಂದು.”

ಸಣ್ಣಗೌಡ ಗುಟ್ಕಾ ಉಗುಳಲು ತಡಮಾಡಿದ. ಗೌಡ ಮಾತ್ರ ಇನ್ನೂ ನಗುತ್ತಲೇ ಇದ್ದ. “ಹೋಗ್ಲಿ ಬಿಡೋ. ಅವನಪ್ಪನ ಗುರ್ತಿರಬೇಕು. ಅಮರ್ಯಾ, ಹಂಗಾದ್ರ ಬಿಚ್ಚಿ ಕೈಯಾಗ ಹಿಡಕೊಂಡು ಹೋಗಪಾ. ಬರೂವಾಗ ಕುದುರಿ ಇತ್ತು. ಹೋಗೂವಾಗ ಏನದ?”

ಅಮರೇಶ ಬೆನ್ನು ತಿರುಗಿಸಿ, ಕೆರ ಕಾಲಲ್ಲಿದ್ದ ಹಾಗೆಯೇ ಅಗಸಿಯ ಕಡೆ ನಡೆದ. ಒಂದು, ಎರಡು, ಮೂರು. ಕೈ ಖಾಲಿ. ಇವು ಯಾರ ಸಲುವಾಗಿಯೂ ಅಲ್ಲದ ಹೆಜ್ಜೆಗಳು. ನಾಲ್ಕನೆಯದಕ್ಕೆ ಹಿಂದೆ ಕಬ್ಬಿಣದ ಬಳೆ ಝಣಕ್ಕೆಂದಿತು. ಮರಿ ಸಪ್ಪಳದ ಹಿಂದೆ ಹೊರಟಿತ್ತು; ಹಗ್ಗ ಬಿಗಿದು ನಿಂತಿತ್ತು. “ಏ, ನಿಂದ್ರು ಸೂಳೇಮಗನ!” ಸಣ್ಣಗೌಡನ ದನಿ, ಆಮೇಲೆ ಬಾರಕೋಲು. ಅಮರೇಶನ ಬೆನ್ನು ಸೆಟೆಯಿತು. ಇನ್ನೊಂದು ಹೆಜ್ಜೆ: ಚಟ್ ಪಟ್, ಬಳೆ, ಬಾರಕೋಲು. ಇನ್ನೊಂದು. ಮರಿ ಕೆನೆದದ್ದು ಕೂಸು ಚೀರಿದ ಹಾಗಿತ್ತು. ನಾನು ನಡೆದಷ್ಟೂ ಅದಕ್ಕೆ ಏಟು, ಎಂದುಕೊಂಡ. ಎಷ್ಟು ಸರಳವಾಗಿ ಕಟ್ಟಿಹಾಕಿದ್ದಾರೆ ನನ್ನನ್ನು, ಒಂದು ಗೇಣು ಹಗ್ಗವೂ ಇಲ್ಲದೆ. ಅದು ಕುದುರೆ, ಅಷ್ಟೇ. ನನ್ನ ಅಪ್ಪನಿಗೆ ಬಿದ್ದ ಏಟನ್ನು ಯಾವ ಕುದುರೆ ಎಣಿಸಿತ್ತು? ಹೊಡೆಯಲಿ. ಅವರ ಆಸ್ತಿ, ಅವರ ಬಾರಕೋಲು. ಇನ್ನೂ ಎರಡು ಹೆಜ್ಜೆ ಹಾಕಿದ. ಎರಡನ್ನೂ ಅದರ ಮೈಮೇಲೆ ಹಾಕಿದೆನೆಂದು ಅವನಿಗೆ ಗೊತ್ತಿತ್ತು.

ನಿಂತ. ಬಾರಕೋಲೂ ನಿಂತಿತು. “ಇಬ್ರೂ ನಿಂತ್ರು ನೋಡ್ರಲೇ!” ಯಾರೋ ಕೂಗಿದರು. ಬಿಚ್ಚಿದರೆ ಸಾಕಿತ್ತು. ಬಿಚ್ಚಿ ಬರಿಗಾಲಲ್ಲಿ ಸದ್ದಿಲ್ಲದೆ ಹೋದರೆ ಮರಿ ಸುಮ್ಮನಿರುತ್ತದೆ, ಊರು ಸುಮ್ಮನಿರುತ್ತದೆ. ಭಾನುವಾರ ಅಕ್ಕನ ಮುಂದೆ ಹೇಳಲು ಒಂದು ಕಾರಣವೂ ಇರುತ್ತದೆ, ಎಲ್ಲರೂ ತಲೆಯಾಡಿಸುವಂಥ ಕರುಣೆಯ ಕಾರಣ. ಇಡೀ ಓಣಿ ಅವನ ಕೈ ಕೆಳಗಿಳಿಯುವುದನ್ನು ಕಾಯುತ್ತಿತ್ತು. ಮಾರೆಮ್ಮ ಹೊರೆ ಇಳಿಸಿ, ಅದರ ಮೇಲೆ ಕೈಯೂರಿ ನಿಂತಿದ್ದಳು. ಆ ಗಳಿಗೆಯಲ್ಲಿ ಅವನು ದ್ವೇಷಿಸದ ಜೀವ ಓಣಿಯಲ್ಲಿ ಒಂದೂ ಇರಲಿಲ್ಲ: ಗೌಡನನ್ನು, ನಗುವವರನ್ನು, ಕಾಯುತ್ತಿದ್ದ ಮಾರೆಮ್ಮನನ್ನು, ಕಿವಿ ನೆಟ್ಟಗೆ ಮಾಡಿ ನಿಂತ ಮೂರ್ಖ ಮರಿಯನ್ನು, ಎಲ್ಲರಿಗಿಂತ ಹೆಚ್ಚಾಗಿ ಮುಂದಕ್ಕೂ ಹೋಗದೆ ಹಿಂದಕ್ಕೂ ಬರದೆ ನಿಂತ ತನ್ನ ಎರಡು ಕಾಲುಗಳನ್ನು.

ಕಾಲು ತಿರುಗಿತು. ಈ ಸಲ ಅವನು ಅದರೊಳಗೇ ಇದ್ದ. ತಿರುಗಿಸಿದ್ದು ತಾನೇ ಎಂಬುದು ಅವನಿಗೆ ಗೊತ್ತಿತ್ತು. ಗೌಡರ ಮನೆಯ ಕಡೆ ನಡೆದ, ಆತುರವಿಲ್ಲದೆ, ಪ್ರತಿ ಹೆಜ್ಜೆಯನ್ನೂ ಪೂರ್ತಿ ಊರಿ. ಸಪ್ಪಳ ತನ್ನ ಕಡೆಗೇ ಬರುತ್ತಿರುವಾಗ ಮರಿಗೆ ಜಗ್ಗುವ ಕೆಲಸವಿರಲಿಲ್ಲ. ಹಗ್ಗ ಜೋತುಬಿತ್ತು, ಬಳೆ ಸುಮ್ಮನಾಯಿತು. ಸಣ್ಣಗೌಡ ಎತ್ತಿದ ಬಾರಕೋಲನ್ನು ಇಳಿಸುವುದೋ ಬೀಸುವುದೋ ತಿಳಿಯದೆ ಹಿಡಿದುಕೊಂಡೇ ಇದ್ದ. ಗಾದಿಯ ಮೇಲೆ ಒರಗಿದ್ದ ಗೌಡ ಮೊದಲ ಬಾರಿಗೆ ನೆಟ್ಟಗೆ ಕೂತ. “ಲೇ, ಅಲ್ಲೇ ನಿಂದ್ರು. ಕಟ್ಟಿ ಹತ್ತಬ್ಯಾಡ. ಅಮರ್ಯಾ! ಹೇಳಾಕತ್ತೀನಿ!”

ಕಟ್ಟೆಗೆ ಎರಡು ಮೆಟ್ಟಿಲು. ಮೊದಲನೆಯದರ ಮೇಲೆ ಕೆರ ಊರಿದ. ಎರಡನೆಯದರ ಮೇಲೆ. ನುಣುಪಾದ ಕರಿಕಲ್ಲಿನ ಮೇಲೆ ಮೊಳೆ ಗೀರಿದ ಸದ್ದು ಹಲ್ಲು ಜುಮ್ಮೆನ್ನಿಸುವಂತಿತ್ತು. ಮರಿಯ ಬೆನ್ನ ಮೇಲೆ ಎದ್ದ ಬಾಸುಂಡೆಗಳು ಈಗ ಹತ್ತಿರದಿಂದ ಕಂಡವು. ಐದಿದ್ದವು, ಅವನ ಹೆಜ್ಜೆಗಳಷ್ಟು ಇರಲಿಲ್ಲ, ಆದರೂ ಅವನವೇ. ಅವನು ಮರಿಗೂ ಸಣ್ಣಗೌಡನಿಗೂ ನಡುವೆ ಬಂದು ನಿಂತ, ಗುಟ್ಕಾದ ಉಸಿರು ಮುಖಕ್ಕೆ ಬಡಿಯುವಷ್ಟು ಹತ್ತಿರ. ಮೊಬೈಲು ಹಿಡಿದವನ ಕೈ ಇನ್ನೂ ಇಳಿದಿರಲಿಲ್ಲ. ಬಾರಕೋಲೂ ಇಳಿದಿರಲಿಲ್ಲ.

“ಹೊಡೀರಿ ಈಗ,” ಎಂದ ಅಮರೇಶ.